ಒಂಟಿಯಾಗಿ ಗೆಲ್ಲಲಾಗದ ಹೋರಾಟ

ಡಿಸೆಂಬರ್ 31ರ ರಾತ್ರಿ ಊಟ ಮುಗಿಸಿ ಯಾದಗಿರಿ, ಶಹಾಪುರ, ಸುರಪುರ ಭಾಗದ ಕ್ರೈಸ್ತ ಕುಟುಂಬಗಳು ಚರ್ಚಿನ ದಾರಿ ಹಿಡಿಯುತ್ತವೆ. ಚಳಿಗೆ ಶಾಲು ಹೊದ್ದ ಮುದುಕಿಯರು, ನಿದ್ದೆಗಣ್ಣಿನ ಮಕ್ಕಳು, ಬೆಂಗಳೂರಿಗೆ ಗುಳೆ ಹೋಗಿ ಕ್ರಿಸ್ಮಸ್ ಹಬ್ಬಕ್ಕೆಂದು ಊರಿಗೆ ಬಂದ ಗಂಡಸರು ಎಲ್ಲರೂ ಅಲ್ಲಿರುತ್ತಾರೆ. ಹಾಡು, ವಾಕ್ಯ, ಸಾಕ್ಷಿ ಮುಗಿದು ಹನ್ನೆರಡು ಗಂಟೆ ಸಮೀಪಿಸಿದಂತೆ ಸಭೆ ಮೊಣಕಾಲೂರುತ್ತದೆ. ಮುಗಿಯುತ್ತಿರುವ ವರ್ಷದಲ್ಲಿ ಆಡಿದ ಸುಳ್ಳು, ಒಳಗಿಟ್ಟುಕೊಂಡ ಹಗೆ, ತಪ್ಪಿದ ಮಾತು ಎಲ್ಲವನ್ನೂ ದೇವರ ಮುಂದೆ ಅರಿಕೆ ಮಾಡಿಕೊಂಡ ಮೇಲೆಯೇ ಹೊಸ ವರ್ಷದ ಶುಭಾಶಯ.

‘ವಾಚ್ ನೈಟ್’ ಎಂದು ಕರೆಯುವ ಈ ಆರಾಧನೆಯ ಬೇರು ಇಂಗ್ಲೆಂಡಿನ ಬ್ರಿಸ್ಟಲ್ ಪಕ್ಕದ ಕಿಂಗ್ಸ್‌ವುಡ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿದೆ. ಅಲ್ಲಿನ ಗಣಿ ಕೂಲಿಗಳು ವಾರವಿಡೀ ನೆಲದಡಿ ದುಡಿದು ಶನಿವಾರ ರಾತ್ರಿ ಹೆಂಡದಂಗಡಿಯಲ್ಲಿ ಕೂಲಿ ಕಳೆಯುತ್ತಿದ್ದರು. ಮೆಥೋಡಿಸ್ಟ್ ಚಳವಳಿಯನ್ನು ಕಟ್ಟಿದ ಜಾನ್ ವೆಸ್ಲಿಯ ಬೋಧನೆ ಕೇಳಿ ಬದುಕು ಬದಲಿಸಿಕೊಂಡ ಕೆಲವರು ಅದೇ ರಾತ್ರಿಯನ್ನು ಒಟ್ಟಿಗೆ ಪ್ರಾರ್ಥನೆಯಲ್ಲಿ ಕಳೆಯತೊಡಗಿದರು. ವೆಸ್ಲಿ ಅದನ್ನು ನಿಲ್ಲಿಸಲಿಲ್ಲ. 1742ರಲ್ಲಿ ಇತರ ಕಡೆಗೂ ಹರಡಿದರು. ಜನ ಬೆಳದಿಂಗಳಲ್ಲಿ ಮನೆ ಸೇರಲಿ ಎಂದು ಹುಣ್ಣಿಮೆಗೆ ಹತ್ತಿರದ ಶುಕ್ರವಾರವನ್ನೇ ಆರಿಸುತ್ತಿದ್ದರು. ಮುಂದೆ ಅದು ವರ್ಷದ ಕೊನೆಯ ರಾತ್ರಿಗೆ ನೆಲೆನಿಂತಿತು. ಕುಡಿತ ಬಿಡಬೇಕೆಂದವನಿಗೆ ಬರೀ ಉಪದೇಶ ಸಾಲದು, ಕುಡಿಯುತ್ತಿದ್ದ ಆ ಹೊತ್ತಿಗೆ ಹೋಗಿ ಕೂರಲು ಬೇರೊಂದು ಜಾಗ ಬೇಕು, ಜೊತೆಗೆ ಕೂರುವವರೂ ಬೇಕು. ಪಾಪವನ್ನು ಜಯಿಸುವುದು ಹೇಗೆ ಎಂಬ ಬಗ್ಗೆ ಕ್ರೈಸ್ತ ಬೋಧನೆ ಹೇಳುವ ಬಹುಮುಖ್ಯ ಸಂಗತಿಯನ್ನು ಓದು ಬರಹ ಬಾರದ ಆ ಕೂಲಿಗಳು ತಾವಾಗಿಯೇ ಕಂಡುಕೊಂಡಿದ್ದರು.

ಆ ಮೆಥೋಡಿಸ್ಟ್ ಪರಂಪರೆ ಕೃಷ್ಣಾ–ಭೀಮಾ ನಡುವಿನ ಈ ನಾಡಿಗೆ ಬಂದದ್ದು ಅಮೆರಿಕದ ದಾರಿಯಾಗಿ. 1856ರಲ್ಲಿ ವಿಲಿಯಂ ಬಟ್ಲರ್ ಉತ್ತರ ಭಾರತದ ಬರೇಲಿಯಲ್ಲಿ ಕೆಲಸ ಆರಂಭಿಸಿದರು. 1870ರಲ್ಲಿ ಬಂದ ವಿಲಿಯಂ ಟೇಲರ್ ದಕ್ಷಿಣದ ಊರುಗಳನ್ನು ಸುತ್ತಿದರು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ನಿಜಾಮರ ಆಳ್ವಿಕೆಯಲ್ಲಿದ್ದ ಕನ್ನಡ ಜಿಲ್ಲೆಗಳಲ್ಲಿ ಸಭೆಗಳು ಹುಟ್ಟಿಕೊಂಡವು. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆ ಆ ಮಿಷನ್ನಿನ ನೆನಪನ್ನು ಹೆಸರಿನಲ್ಲೇ ಉಳಿಸಿಕೊಂಡಿದೆ. 1981ರ ಜನವರಿಯಲ್ಲಿ ಭಾರತದ ಮೆಥೋಡಿಸ್ಟ್ ಚರ್ಚ್ ಅಮೆರಿಕದ ಆಡಳಿತದಿಂದ ಬೇರೆಯಾಗಿ ಸ್ವತಂತ್ರವಾಯಿತು. ಕಥೋಲಿಕರ ಇತಿಹಾಸ ಇನ್ನೂ ಹಳೆಯದು. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕಥೋಲಿಕ ಸಮುದಾಯವಿದೆ. ಯಾದಗಿರಿಯನ್ನೂ ಒಳಗೊಂಡ ಗುಲಬರ್ಗಾ ಧರ್ಮಕ್ಷೇತ್ರ ರೂಪುಗೊಂಡದ್ದು 2005ರಲ್ಲಿ.

ಬೇರು ಮತ್ತು ರೆಂಬೆ

ಪಾಪ ಎಂದರೇನು? ಕಳ್ಳತನ, ವ್ಯಭಿಚಾರ, ಕೊಲೆ ಎಂದು ಪಟ್ಟಿ ಕೊಡುವುದು ಸುಲಭ. ಕ್ರೈಸ್ತ ಬೋಧನೆ ಪಟ್ಟಿಯ ಹಿಂದಿರುವುದನ್ನು ಕೇಳುತ್ತದೆ. ದೇವರೊಂದಿಗಿನ ನಂಟು ಕಡಿದುಕೊಂಡು, ತಾನೇ ಎಲ್ಲದರ ನಡುವೆ ನಿಲ್ಲಬೇಕೆಂಬ ಮನಸ್ಸೇ ಬೇರು. ಉಳಿದ ದುಷ್ಕೃತ್ಯಗಳೆಲ್ಲ ಅದರಿಂದ ಒಡೆದ ರೆಂಬೆಗಳು. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಎಂಬ ಅರಿಷಡ್ವರ್ಗವನ್ನು ಕೇಳಿ ಬೆಳೆದ ನಮ್ಮ ಓದುಗರಿಗೆ ಇದು ತೀರ ಅಪರಿಚಿತವಲ್ಲ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್ ಮನುಷ್ಯನನ್ನು ಕಾಡುವ ಎಂಟು ದುರಾಲೋಚನೆಗಳನ್ನು ಹೆಸರಿಸಿದ. ಮುಂದೆ ಪೋಪ್ ಮಹಾ ಗ್ರೆಗೊರಿ ಅದನ್ನು ಏಳಾಗಿ ಹೊಂದಿಸಿದರು. ಅಹಂಕಾರ, ಲೋಭ, ಕಾಮ, ಮತ್ಸರ, ಹೊಟ್ಟೆಬಾಕತನ, ಕೋಪ, ಸೋಮಾರಿತನ ಎಂದು ಇಂದಿಗೂ ಕಥೋಲಿಕ ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ಕಲಿಯುವ ಪಟ್ಟಿ ಅಲ್ಲಿಂದ ಬಂದದ್ದು.

ಅಪೊಸ್ತಲ ಪೌಲನು ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಎರಡು ಪಟ್ಟಿಗಳಿವೆ. ಒಂದರಲ್ಲಿ ಶರೀರಭಾವದ ಕೆಲಸಗಳು, ಇನ್ನೊಂದರಲ್ಲಿ ಪವಿತ್ರಾತ್ಮನಿಂದ ಉಂಟಾಗುವ ಫಲ. ಮೊದಲ ಪಟ್ಟಿಯಲ್ಲಿ ಕಾಮ, ಕುಡಿತ ಇವೆ ನಿಜ. ಆದರೆ ಹಗೆ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಗುಂಪುಗಾರಿಕೆಗಳೇ ಹೆಚ್ಚು ಜಾಗ ಹಿಡಿದಿವೆ. ಎರಡನೆಯ ಪಟ್ಟಿಯಲ್ಲಿರುವ ಪ್ರೀತಿ, ತಾಳ್ಮೆ, ದಯೆ, ಸಾಧುತ್ವ ಮೊದಲಾದ ಒಂಬತ್ತು ಗುಣಗಳಲ್ಲಿ ಹೆಚ್ಚಿನವು ಇನ್ನೊಬ್ಬರಿಲ್ಲದೆ ರೂಢಿಯಾಗುವಂಥವಲ್ಲ. ಬಾಗಿಲು ಮುಚ್ಚಿ ಒಬ್ಬನೇ ಕೂತವನು ಯಾರ ಮೇಲೆ ತಾಳ್ಮೆ ತೋರಿಸಬೇಕು? ಪರಿಶುದ್ಧತೆ ಎಂದರೆ ತಾನೊಬ್ಬ ಕಲೆಯಿಲ್ಲದೆ ಉಳಿಯುವುದು ಎಂದು ತಿಳಿದವರಿಗೆ ಈ ಅಧ್ಯಾಯವೇ ಉತ್ತರ.

ಕೃಪೆ ಮೊದಲೋ, ಪ್ರಯತ್ನ ಮೊದಲೋ

ಒಳ್ಳೆಯದನ್ನು ಮಾಡಬೇಕೆಂಬ ಆಸೆಯಿದ್ದರೂ ಕೆಟ್ಟದ್ದೇ ಕೈಯಿಂದ ನಡೆದುಹೋಗುತ್ತದೆ ಎಂಬ ಸಂಕಟವನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ತೋಡಿಕೊಂಡಿದ್ದಾನೆ. ಇನ್ನು ಮುಟ್ಟುವುದಿಲ್ಲ ಎಂದು ಮಕ್ಕಳ ತಲೆ ಮುಟ್ಟಿ ಆಣೆ ಮಾಡಿ, ವಾರ ಕಳೆಯುವುದರೊಳಗೆ ಮತ್ತೆ ಸಾರಾಯಿ ಹಿಡಿದವನಿಗೆ ಆ ಸಂಕಟವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹಾಗಾದರೆ ಮನುಷ್ಯ ತನ್ನ ಬಲದಿಂದಲೇ ಪಾಪವನ್ನು ಗೆಲ್ಲಬಲ್ಲನೇ? 5ನೇ ಶತಮಾನದ ಆರಂಭದಲ್ಲಿ ಪೆಲೇಜಿಯಸ್ ಎಂಬ ಸನ್ಯಾಸಿ ಗೆಲ್ಲಬಲ್ಲ ಎಂದ. ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ ಅದನ್ನು ಒಪ್ಪಲಿಲ್ಲ. ಯೌವನದ ಚಟಗಳಿಂದ ಬಿಡಿಸಿಕೊಳ್ಳಲು ವರ್ಷಗಟ್ಟಲೆ ಒದ್ದಾಡಿದ್ದ ಅವರಿಗೆ, ದೇವರ ಕೃಪೆ ಮುಂದಾಗಿ ಬಂದು ಎತ್ತದಿದ್ದರೆ ಮನಸ್ಸು ಏಳುವುದೇ ಇಲ್ಲ ಎಂಬುದು ಅನುಭವದ ಮಾತಾಗಿತ್ತು. ಚರ್ಚು ಅಗಸ್ಟೀನರ ಪಕ್ಷ ಹಿಡಿಯಿತು.

ಸಾವಿರ ವರ್ಷದ ಮೇಲೆ ಜರ್ಮನಿಯ ಧರ್ಮಸುಧಾರಕ ಲೂಥರ್ ಈ ಮಾತನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು: ಮನುಷ್ಯ ನೀತಿವಂತನೆನಿಸಿಕೊಳ್ಳುವುದು ನಂಬಿಕೆಯಿಂದ, ಪುಣ್ಯದ ಲೆಕ್ಕದಿಂದಲ್ಲ, ವಿಶ್ವಾಸಿ ಬದುಕಿರುವವರೆಗೆ ಕ್ಷಮೆ ಪಡೆದವನೂ ಹೌದು, ಪಾಪಿಯೂ ಹೌದು. ಅದೇ ಲೂಥರ್ ರೋಮಾಪುರದ ಪತ್ರಕ್ಕೆ ಬರೆದ ಮುನ್ನುಡಿಯನ್ನು 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ ಯಾರೋ ಓದುತ್ತಿದ್ದಾಗ ಜಾನ್ ವೆಸ್ಲಿಗೆ ಎದೆಯೊಳಗೆ ಬೆಚ್ಚಗಾದ ಅನುಭವವಾಯಿತು. ಆಗ ಅವರ ವಯಸ್ಸು 34. ಅದಕ್ಕೂ ಮೊದಲು ಆಕ್ಸ್‌ಫರ್ಡಿನಲ್ಲಿ ಉಪವಾಸ, ಜೈಲುಭೇಟಿ, ಗಂಟೆಗಂಟೆಯ ಆತ್ಮಪರೀಕ್ಷೆ ಎಂದು ಕಟ್ಟುನಿಟ್ಟಾಗಿ ಬದುಕಿದ್ದರು. ಅಮೆರಿಕದ ಜಾರ್ಜಿಯಕ್ಕೆ ಹೋಗಿ ಸೋತು ಮರಳಿದ್ದರು. ಶಿಸ್ತು ಕೊಡದ ನೆಮ್ಮದಿಯನ್ನು ಕ್ಷಮೆ ಕೊಟ್ಟಿತು. ಆದರೂ ಅವರು ಶಿಸ್ತನ್ನು ಬಿಡಲಿಲ್ಲ. ಅದರ ಸ್ಥಾನ ಮಾತ್ರ ಬದಲಾಯಿತು.

ವೆಸ್ಲಿಯ ಬೋಧನೆಯಲ್ಲಿ ಕೃಪೆಗೆ ಮೂರು ಹಂತ. ಮನುಷ್ಯನಿಗೆ ದೇವರ ನೆನಪೇ ಇಲ್ಲದಾಗಲೂ ಅವನ ಅಂತಃಸಾಕ್ಷಿಯನ್ನು ಚುಚ್ಚಿ ಎಬ್ಬಿಸುವ ಕೃಪೆ ಮೊದಲನೆಯದು. ತಿರುಗಿಕೊಂಡವನನ್ನು ಕ್ಷಮಿಸಿ ಮಗನಂತೆ, ಮಗಳಂತೆ ಸ್ವೀಕರಿಸುವ ಕೃಪೆ ಎರಡನೆಯದು. ಕ್ಷಮೆ ಪಡೆದವನ ಸ್ವಭಾವವನ್ನೇ ದಿನದಿಂದ ದಿನಕ್ಕೆ ಬದಲಿಸಿ ಕ್ರಿಸ್ತನ ಹೋಲಿಕೆಗೆ ತರುವ ಕೃಪೆ ಮೂರನೆಯದು. ಪರಿಶುದ್ಧತೆಯಲ್ಲಿ ಬೆಳೆಯುವುದು ಎಂದರೆ ಇದೇ. ಮೂರರಲ್ಲೂ ಮೊದಲ ಹೆಜ್ಜೆ ದೇವರದು, ಆದರೆ ಮನುಷ್ಯ ಸುಮ್ಮನೆ ಕೂರುವಂತಿಲ್ಲ.

ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿಗಾಗಿ ಬೆಳೆದ ಭೀಮರಾಯನಗುಡಿಯ ಸುತ್ತಲಿನ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗೆ, ಅಲ್ಲಿಂದ ಶಹಾಪುರ ಶಾಖಾ ಕಾಲುವೆಗೆ ನೀರು ಬಿಡುವುದು ರೈತನ ಕೈಯಲ್ಲಿಲ್ಲ. ಅವನು ಎಷ್ಟೇ ಬೆವರು ಸುರಿಸಿದರೂ ಒಂದು ಹನಿ ಹುಟ್ಟುವುದಿಲ್ಲ. ಆದರೆ ನೀರು ಬಂದಾಗ ತನ್ನ ಹೊಲಗಾಲುವೆಯಲ್ಲಿ ಹೂಳು, ಜೇಕು ತುಂಬಿದ್ದರೆ ಅದು ಹೊಲ ಮುಟ್ಟುವುದಿಲ್ಲ. ಪ್ರಾರ್ಥನೆ, ವಾಕ್ಯ ಓದುವುದು, ಉಪವಾಸ, ಪ್ರಭುವಿನ ಭೋಜನ, ಬಡವರ ಸೇವೆ ಇವೆಲ್ಲ ಆ ಹೊಲಗಾಲುವೆಯ ಹೂಳು ತೆಗೆಯುವ ಕೆಲಸಗಳು. ನೀರನ್ನು ತಾನೇ ಸೃಷ್ಟಿಸಿದೆ ಎಂದು ಬೀಗುವುದಕ್ಕೂ ಆಸ್ಪದವಿಲ್ಲ, ಬಂದ ನೀರನ್ನು ಹರಿದುಹೋಗಲು ಬಿಟ್ಟು ವಿಧಿಯನ್ನು ಹಳಿಯುವುದಕ್ಕೂ ಆಸ್ಪದವಿಲ್ಲ.

ಪರಿಪೂರ್ಣತೆ ಎಂಬ ವಿವಾದ

ಈ ಬೆಳವಣಿಗೆ ಎಲ್ಲಿಯವರೆಗೆ? ಈ ಜನ್ಮದಲ್ಲೇ ಮನುಷ್ಯನ ಹೃದಯ ಸಂಪೂರ್ಣ ಪ್ರೀತಿಯಿಂದ ತುಂಬುವುದು ಸಾಧ್ಯ ಎಂದು ವೆಸ್ಲಿ ನಂಬಿದ್ದರು. ಅದರ ಬಗ್ಗೆ 1766ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇದಕ್ಕಾಗಿ ಅವರು ಎದುರಿಸಿದಷ್ಟು ಟೀಕೆಯನ್ನು ಬೇರೆ ಯಾವ ಬೋಧನೆಗೂ ಎದುರಿಸಿರಲಾರರು. ಪರಿಪೂರ್ಣ ಎಂದರೆ ತಪ್ಪೇ ಆಗದವನು, ಕಾಯಿಲೆ ಬೀಳದವನು, ಶೋಧನೆ ಬಾರದವನು ಎಂದು ಅವರು ಎಂದೂ ಹೇಳಲಿಲ್ಲ. ದೇವರನ್ನೂ ನೆರೆಯವನನ್ನೂ ಪೂರ್ಣ ಮನಸ್ಸಿನಿಂದ ಪ್ರೀತಿಸುವವನು ಬೇಕೆಂದೇ ಪಾಪ ಮಾಡಲಾರ ಎಂಬುದಷ್ಟೇ ಅವರ ಮಾತು. ಅರಿಯದೆ ಆದ ತಪ್ಪಿಗೂ ಕ್ಷಮೆ ಬೇಕು ಎಂಬುದನ್ನು ಅವರು ಸೇರಿಸುತ್ತಿದ್ದರು.

ಅಪಾಯ ಹೊರಗಿನ ಟೀಕಾಕಾರರಿಗಿಂತ ಒಳಗಿನ ಅತ್ಯುತ್ಸಾಹಿಗಳಿಂದ ಬಂತು. ಜಾರ್ಜ್ ಬೆಲ್ ಎಂಬ ಲಂಡನ್ನಿನ ಬೋಧಕ ತಾನು ಪರಿಪೂರ್ಣನಾಗಿದ್ದೇನೆ ಎಂದು ಸಾರಿ, 1763ರ ಫೆಬ್ರವರಿ 28ರಂದು ಲೋಕ ಮುಗಿಯುತ್ತದೆಂದು ಭವಿಷ್ಯ ನುಡಿದ. ವೆಸ್ಲಿ ಅವನಿಂದ ದೂರ ಸರಿದು, ಆ ದಿನ ಬಹಿರಂಗವಾಗಿ ಅದನ್ನು ಅಲ್ಲಗಳೆದು ಬೋಧಿಸಿದರು. ‘ನಾನು ಪವಿತ್ರನಾದೆ’ ಎಂಬ ಘೋಷಣೆಯೇ ಅಹಂಕಾರದ ಬಾಗಿಲಾಗಬಹುದು ಎಂಬ ಎಚ್ಚರ ಮೆಥೋಡಿಸ್ಟರಿಗೆ ಅಂದೇ ಮೂಡಿತು. ವೆಸ್ಲಿ ತಮ್ಮ ಬಗ್ಗೆ ಅಂಥ ಘೋಷಣೆಗೆ ಹೋಗಲಿಲ್ಲ.

ವಾರಕ್ಕೊಂದು ಪೆನ್ನಿ

ಪಾಪದ ಮೇಲಿನ ಹೋರಾಟಕ್ಕೆ ಮೆಥೋಡಿಸ್ಟರು ಕೊಟ್ಟ ದೊಡ್ಡ ಸಾಧನ ಹುಟ್ಟಿದ್ದು ಸಾಲ ತೀರಿಸುವ ಚರ್ಚೆಯಲ್ಲಿ. 1742ರ ಫೆಬ್ರವರಿಯಲ್ಲಿ ಬ್ರಿಸ್ಟಲ್ಲಿನ ಸಭಾಮನೆಯ ಮೇಲಿನ ಸಾಲ ತೀರಿಸುವುದು ಹೇಗೆಂದು ಸದಸ್ಯರು ಸೇರಿದ್ದರು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಫಾಯ್ ಎಂಬ ನಾವಿಕ ಕ್ಯಾಪ್ಟನ್ ಸೂಚಿಸಿದರು. ಅಷ್ಟು ಕೊಡಲೂ ಆಗದ ಬಡವರಿದ್ದಾರಲ್ಲ ಎಂಬ ಮಾತು ಬಂದಾಗ, ಅತ್ಯಂತ ಬಡವರಾದ ಹನ್ನೊಂದು ಜನರನ್ನು ನನಗೆ ಬಿಡಿ, ಅವರಿಂದ ಕಡಿಮೆ ಬಿದ್ದದ್ದನ್ನು ನಾನು ತುಂಬುತ್ತೇನೆ ಎಂದರು. ಇತರರೂ ಹಾಗೆಯೇ ಹನ್ನೊಂದು ಹನ್ನೊಂದು ಜನರನ್ನು ವಹಿಸಿಕೊಂಡರು.

ಹಣ ಕೇಳಲು ಮನೆಮನೆಗೆ ಹೋದವರಿಗೆ ಬೇರೆ ಸಂಗತಿಗಳು ಕಣ್ಣಿಗೆ ಬಿದ್ದವು. ಒಬ್ಬ ಹೆಂಡತಿಯೊಡನೆ ಜಗಳದಲ್ಲಿದ್ದ. ಇನ್ನೊಬ್ಬ ಕುಡಿದಿದ್ದ. ಭಾನುವಾರದ ಸಭೆಯಲ್ಲಿ ಕಾಣದ ಬದುಕು ವಾರದ ನಡುವೆ ಹೊಸ್ತಿಲಲ್ಲಿ ಕಂಡಿತು. ನಮಗೆ ಇಷ್ಟು ದಿನ ಬೇಕಾಗಿದ್ದದ್ದು ಇದೇ ಎಂದು ವೆಸ್ಲಿಗೆ ಹೊಳೆಯಿತು. ಹನ್ನೆರಡು ಜನರ ಈ ಗುಂಪು ‘ಕ್ಲಾಸ್’ ಎನಿಸಿಕೊಂಡು ವಾರಕ್ಕೊಮ್ಮೆ ಸೇರತೊಡಗಿತು. ಕಮ್ಮಾರ, ನೇಕಾರ, ಮನೆಗೆಲಸದ ಹೆಂಗಸು ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಆ ವಾರ ಎಲ್ಲಿ ಎಡವಿದೆವು, ಎಲ್ಲಿ ನಿಂತೆವು ಎಂದು ಹೇಳಿಕೊಳ್ಳುತ್ತಿದ್ದರು. ಮುಂದಾಳುವಿಗೆ ಪದವಿ ಬೇಕಿರಲಿಲ್ಲ. ಹೆಣ್ಣುಮಕ್ಕಳೂ ಮುಂದಾಳುಗಳಾದರು. 1743ರಲ್ಲಿ ಬಂದ ನಿಯಮಗಳು ಮೂರೇ ಮೂರು: ಕೇಡು ಮಾಡಬೇಡ, ಒಳ್ಳೆಯದನ್ನು ಮಾಡು, ಆರಾಧನೆಯ ಸಾಧನಗಳನ್ನು ಬಿಡಬೇಡ. ಕೇಡಿನ ವಿವರಣೆಯಲ್ಲಿ ಕುಡಿತ, ಸಾರಾಯಿ ವ್ಯಾಪಾರ, ಅತಿಬಡ್ಡಿ, ಕಳ್ಳಸಾಗಣೆಯ ಮಾಲು ಕೊಳ್ಳುವುದು ಸೇರಿದ್ದವು.

ಕಥೋಲಿಕರಲ್ಲಿ ಇದೇ ಅಗತ್ಯಕ್ಕೆ ಪಾಪನಿವೇದನೆಯ ಸಂಸ್ಕಾರವಿದೆ. ವರ್ಷಕ್ಕೊಮ್ಮೆಯಾದರೂ ಗುರುಗಳ ಮುಂದೆ ಪಾಪ ಅರಿಕೆ ಮಾಡಬೇಕೆಂದು 1215ರ ಲ್ಯಾಟರನ್ ಮಹಾಸಭೆ ವಿಧಿಸಿತು. ಯೇಸುಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲ ದಿನದ ಕೊನೆಗೆ ಮಾಡುವ ಆತ್ಮಪರೀಕ್ಷೆಯೊಂದನ್ನು ಕಲಿಸಿದರು. ಅದು ಶುರುವಾಗುವುದು ದೇವರಿಗೆ ಕೃತಜ್ಞತೆ ಹೇಳುವುದರಿಂದ. ತಪ್ಪುಗಳ ಹುಡುಕಾಟ ಅದರ ನಂತರ. ಪ್ರೀತಿ ಸಿಕ್ಕಿದೆ ಎಂದು ತಿಳಿದವನೇ ಹೆದರದೆ ತನ್ನ ಒಳಗನ್ನು ನೋಡಬಲ್ಲ ಎಂಬ ತಿಳಿವಳಿಕೆ ಈ ಕ್ರಮದಲ್ಲಿದೆ.

ಅರಿಕೆಯ ಈ ಪದ್ಧತಿ ಚರ್ಚಿನ ಗೋಡೆ ದಾಟಿ ಹೋಗಿದೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಸ್ಥಾಪಕರಿಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದಲ್ಲಿದ್ದವರು. ನನ್ನ ಕೈಲಾಗುವುದಿಲ್ಲ ಎಂದು ಒಪ್ಪಿಕೊಳ್ಳುವುದು, ತಪ್ಪುಗಳನ್ನು ಇನ್ನೊಬ್ಬ ಮನುಷ್ಯನ ಎದುರು ಹೇಳುವುದು, ನೋಯಿಸಿದವರಿಗೆ ಪರಿಹಾರ ಕೊಡುವುದು, ಹೀಗೆ ಆ ಸಂಘದ ಹನ್ನೆರಡು ಹೆಜ್ಜೆಗಳಲ್ಲಿ ಹಳೆಯ ಕ್ರೈಸ್ತ ಪಶ್ಚಾತ್ತಾಪದ ಅಚ್ಚು ಸ್ಪಷ್ಟವಾಗಿದೆ. ಮೆಥೋಡಿಸ್ಟರು ಪ್ರಭುವಿನ ಭೋಜನದಲ್ಲಿ ಹುಳಿಯದ ದ್ರಾಕ್ಷಾರಸ ಬಳಸುವುದಕ್ಕೂ ಇಂಥದೇ ಕಾಳಜಿ ಕಾರಣ. 1869ರಲ್ಲಿ ಥಾಮಸ್ ವೆಲ್ಚ್ ಎಂಬ ಮೆಥೋಡಿಸ್ಟ್ ದಂತವೈದ್ಯ ರಸವನ್ನು ಹುಳಿಯದಂತೆ ಕಾಯಿಸಿಡುವ ಕ್ರಮ ಕಂಡುಹಿಡಿದರು. ಕುಡಿತ ಬಿಟ್ಟವನು ಪವಿತ್ರ ಪೀಠದ ಮುಂದೆ ಮೊಣಕಾಲೂರಿದಾಗ ಹಳೆಯ ಶತ್ರುವಿನ ರುಚಿ ಮತ್ತೆ ನಾಲಿಗೆಗೆ ತಾಗುವುದಿಲ್ಲ.

ರಮಾಬಾಯಿ ಕಂಡ ಪರಿಶುದ್ಧತೆ

ಕನ್ನಡ ನೆಲಕ್ಕೆ ಸೇರಿದ ಒಂದು ಬದುಕಿನಲ್ಲಿ ಈ ಬೋಧನೆಯ ಎಲ್ಲ ಹಂತಗಳೂ ಕಾಣುತ್ತವೆ. ಪಂಡಿತಾ ರಮಾಬಾಯಿ 1858ರ ಏಪ್ರಿಲ್ 23ರಂದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಓದಲೆಂದು ಇಂಗ್ಲೆಂಡಿಗೆ ಹೋದ ರಮಾಬಾಯಿಯನ್ನು ವಾಂಟೇಜಿನ ಕ್ರೈಸ್ತ ಸನ್ಯಾಸಿನಿಯರು ಲಂಡನ್ನಿನ ಫುಲ್‌ಹ್ಯಾಮಿನ ತಮ್ಮ ಆಶ್ರಯಧಾಮಕ್ಕೆ ಕಳಿಸಿದರು. ಸಮಾಜ ‘ಕೆಟ್ಟವಳು’ ಎಂದು ಹೊರದಬ್ಬಿದ ಹೆಣ್ಣುಗಳ ರೋಗಕ್ಕೆ ಆರೈಕೆ ಮಾಡಿ, ಕೆಲಸ ಕಲಿಸಿ, ಅವರನ್ನು ಬೇರೆಯವರ ಸೇವೆಗೆ ನಿಲ್ಲಿಸುತ್ತಿದ್ದ ಸನ್ಯಾಸಿನಿಯರನ್ನು ಕಂಡು ಅವರು ಬೆರಗಾದರು. ನೀವೇಕೆ ಇಷ್ಟು ಮಾಡುತ್ತೀರಿ ಎಂದು ಕೇಳಿದಾಗ ಒಬ್ಬಾಕೆ ಬಾವಿಯ ಬಳಿ ಯೇಸುವನ್ನು ಕಂಡ ಸಮಾರ್ಯದ ಹೆಂಗಸಿನ ಕಥೆ ಓದಿ ಹೇಳಿದರು. 1883ರಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದರು.

ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ಧರ್ಮವನ್ನು ಒಪ್ಪಿದ್ದೆ, ಆದರೆ ಕ್ರಿಸ್ತನ ಕ್ಷಮೆ ನನಗಾಗಿಯೇ ಎಂಬ ಭರವಸೆ ಸಿಕ್ಕಿದ್ದು ಸುಮಾರು ಎಂಟು ವರ್ಷಗಳ ಮೇಲೆ ಎಂದು ಅವರೇ ಬರೆದುಕೊಂಡಿದ್ದಾರೆ. 1905ರಲ್ಲಿ ಪುಣೆ ಬಳಿಯ ಕೇಡಗಾಂವಿನ ಮುಕ್ತಿ ಮಿಷನ್ನಿನಲ್ಲಿ ಅವರು ಪ್ರಾರ್ಥನಾ ಗುಂಪು ಕಟ್ಟಿದಾಗ ಬಂದವರು ಸುಮಾರು 70. ಕೆಲವು ತಿಂಗಳಲ್ಲಿ ಅದು 550ರ ಹತ್ತಿರ ಬೆಳೆಯಿತು. ಬರಗಾಲದಲ್ಲಿ ಬದುಕುಳಿದು ಬಂದ ಹುಡುಗಿಯರು, ಬಾಲವಿಧವೆಯರು ಅಳುತ್ತಾ ಪಾಪ ಅರಿಕೆ ಮಾಡಿಕೊಂಡ ಆ ಜಾಗೃತಿಯ ಸುದ್ದಿ ವಿದೇಶಗಳಿಗೂ ಹಬ್ಬಿತು. ಆ ಹುಡುಗಿಯರಲ್ಲಿ ಹಲವರು ಮುಂದೆ ಹಳ್ಳಿಗಳಿಗೆ ಸೇವೆಗೆ ಹೊರಟರು. ರಮಾಬಾಯಿಯ ಕೊನೆಯ ವರ್ಷಗಳ ಕೆಲಸಗಳಲ್ಲೊಂದು ಗುಲಬರ್ಗಾದಲ್ಲಿ ತೆರೆದ ಕ್ರೈಸ್ತ ಪ್ರೌಢಶಾಲೆ. ಮಗಳು ಮನೋರಮಾ ಅದರ ಮುಖ್ಯೋಪಾಧ್ಯಾಯಿನಿಯಾದರು. ಇಂದಿನ ಯಾದಗಿರಿ ಆಗ ಗುಲಬರ್ಗಾ ಸೀಮೆಗೇ ಸೇರಿದ್ದ ನಾಡು.

ಮಡಿ–ಮೈಲಿಗೆಯ ಊರಿನಲ್ಲಿ

ಈ ಭಾಗದ ಕ್ರೈಸ್ತರಲ್ಲಿ ಬಹುಪಾಲು ದಲಿತ ಕುಟುಂಬಗಳಿಂದ ಬಂದವರು. ಅವರ ಅಜ್ಜ ಅಜ್ಜಿಯರಿಗೆ ಊರು ಕೊಟ್ಟಿದ್ದ ಜಾಗ ಕೇರಿಯಲ್ಲಿ. ಮುಟ್ಟಿದರೆ ಮೈಲಿಗೆ ಎಂಬ ಮಾತು ಹುಟ್ಟಿನಿಂದ ಅಂಟಿಕೊಂಡು ಬಂದಿತ್ತು. ಅಂಥವರ ನಡುವೆ ನಿಂತು ಬೋಧಕರು ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ ಓದಿದಾಗ ಅದು ಎಷ್ಟು ದೊಡ್ಡ ಬಿಡುಗಡೆಯಾಗಿ ಕೇಳಿಸಿರಬೇಕು! ಹೊರಗಿನಿಂದ ಒಳಗೆ ಹೋಗುವ ಯಾವುದೂ ಮನುಷ್ಯನನ್ನು ಹೊಲೆ ಮಾಡದು, ಹೃದಯದಿಂದ ಹೊರಬರುವ ದುರಾಲೋಚನೆಯೇ ಹೊಲೆ ಎಂಬುದು ಅಲ್ಲಿ ಯೇಸುವಿನ ಬೋಧನೆ. ಪರಿಶುದ್ಧತೆ ಜಾತಿಯಿಂದಲೂ ತಟ್ಟೆ ಲೋಟದಿಂದಲೂ ಬಿಡಿಸಿಕೊಂಡು ನಡತೆಗೆ ಬಂತು. ಪೌಲನು ಕೊರಿಂಥದ ಸಭೆಗೆ ಬರೆಯುವಾಗ, ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದ ಸಾಮಾನ್ಯ ಜನರನ್ನು ಪತ್ರದ ಮೊದಲಲ್ಲೇ ದೇವಜನರೆಂದು ಕರೆಯುತ್ತಾನೆ. ಹಾಗೆ ಕರೆದ ಮೇಲೆ ತಿದ್ದುತ್ತಾನೆ. ಮೊದಲು ಗೌರವ ಸಿಕ್ಕಿತು, ಹೊಸ ನಡತೆ ಅದರ ಹಿಂದೆ ಬಂತು.

ಇದೇ ಬೋಧನೆ ಸಭೆಯೊಳಗಿನವರನ್ನೂ ಪ್ರಶ್ನಿಸುತ್ತದೆ. ಚಿನ್ನದುಂಗುರದವನಿಗೆ ಒಳ್ಳೆಯ ಜಾಗ, ಮಾಸಿದ ಬಟ್ಟೆಯವನಿಗೆ ಕಾಲಬಳಿ ಜಾಗ ಕೊಡುವುದು ಪಾಪ ಎಂದು ಯಾಕೋಬನ ಪತ್ರ ನೇರವಾಗಿ ಹೇಳುತ್ತದೆ. ಮದುವೆ ಮಾತುಕತೆಯಲ್ಲಿ ಹಳೆಯ ಜಾತಿ ಕೇಳುವ, ಚರ್ಚಿನ ಚುನಾವಣೆಯಲ್ಲಿ ಗುಂಪು ಕಟ್ಟಿ ನ್ಯಾಯಾಲಯದ ಮೆಟ್ಟಿಲೇರುವ ಕ್ರೈಸ್ತರು ಈ ಮಾತಿಗೆ ಉತ್ತರ ಕೊಡಬೇಕು. ವೆಸ್ಲಿ ಪಾಪವನ್ನು ಖಾಸಗಿ ಚಟಗಳಿಗೆ ಸೀಮಿತಗೊಳಿಸಲಿಲ್ಲ. 1774ರಲ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಿಕೆ ಬರೆದರು. 1791ರಲ್ಲಿ, ಸಾಯುವ ಕೆಲವೇ ದಿನ ಮೊದಲು, ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್‌ಗೆ ಧೈರ್ಯ ತುಂಬಿ ಪತ್ರ ಕಳಿಸಿದರು.

ಬ್ರಿಸ್ಟಲ್ಲಿನ ಆ ಹನ್ನೆರಡು ಜನರ ಕೂಟ ಈಗ ಅದೇ ಹೆಸರಿನಲ್ಲಿ ಹೆಚ್ಚು ಕಡೆ ಉಳಿದಿಲ್ಲ. ಆದರೆ ವಾರದ ನಡುವೆ ಒಬ್ಬರ ಮನೆಯಲ್ಲಿ ಸೇರುವ ಪ್ರಾರ್ಥನಾ ಕೂಟಗಳು, ಹೆಣ್ಣುಮಕ್ಕಳ ಉಪವಾಸ ಪ್ರಾರ್ಥನೆಗಳು, ನವೆಂಬರಿನಲ್ಲಿ ವಿಕಾರಾಬಾದ್ ಬಳಿಯ ಧಾರೂರಿನಲ್ಲಿ 1923ರಿಂದ ನಡೆದುಬಂದ ಮೆಥೋಡಿಸ್ಟ್ ಜಾತ್ರೆ ಇವೆಲ್ಲ ಆ ಕೆಲಸದ ಒಂದಷ್ಟು ಭಾಗವನ್ನು ಮುಂದುವರಿಸುತ್ತಿವೆ. ಮತ್ತೆ ಬಿದ್ದವನನ್ನು ಏನು ಮಾಡಬೇಕು ಎಂಬ ಪ್ರಶ್ನೆ ಅಲ್ಲೆಲ್ಲ ಬರುತ್ತದೆ. ಎಷ್ಟು ಸಲ ಕ್ಷಮಿಸಬೇಕೆಂದು ಶಿಷ್ಯ ಪೇತ್ರ ಕೇಳಿದಾಗ ಯೇಸು ಕೊಟ್ಟ ಉತ್ತರ ಲೆಕ್ಕಕ್ಕೆ ಸಿಗದಷ್ಟು ದೊಡ್ಡದು. ಆದ್ದರಿಂದ ಬಿದ್ದವನಿಗೆ ಬಾಗಿಲು ಮುಚ್ಚುವಂತಿಲ್ಲ.

ಹಾಗೆಂದು ಪಶ್ಚಾತ್ತಾಪ ಕಣ್ಣೀರಿಗೇ ಮುಗಿಯುವಂತೆಯೂ ಇಲ್ಲ. ಸುಂಕದವನಾದ ಜಕ್ಕಾಯ ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನವೇ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಎಂದು ಎದ್ದು ನಿಂತು ಹೇಳಿದ. ಬೆಟ್ಟದ ಮೇಲಿನ ಬೋಧನೆಯಲ್ಲಿ ಯೇಸು ಇನ್ನೂ ಮುಂದೆ ಹೋಗುತ್ತಾನೆ: ಯಜ್ಞವೇದಿಯ ಮುಂದೆ ಕಾಣಿಕೆ ಹಿಡಿದು ನಿಂತಾಗ ಯಾರೋ ನಿನ್ನಿಂದ ನೊಂದಿದ್ದಾರೆಂಬುದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಇಟ್ಟು, ಮೊದಲು ಹೋಗಿ ಸಮಾಧಾನವಾಗಬೇಕು. ಕುಡಿದು ಹೆಂಡತಿಯ ಮೇಲೆ ಕೈಮಾಡಿದವನಿಗೆ, ತಮ್ಮನ ಪಾಲಿನ ಹೊಲ ಒತ್ತಿಕೊಂಡವನಿಗೆ, ಕೂಲಿಯವರ ಹಣ ಉಳಿಸಿಕೊಂಡ ಗುತ್ತಿಗೆದಾರನಿಗೆ ಈ ಬೋಧನೆ ಕೊಡುವ ಕ್ರಮ ಒಂದೇ. ಮೊದಲು ಮನೆಗೆ, ಹೊಲಕ್ಕೆ, ಕೂಲಿಯವನ ಗುಡಿಸಲಿಗೆ ಹೋಗಬೇಕು. ಚರ್ಚಿಗೆ ಬರುವುದು ಆಮೇಲೆ.